ಡಿಕ್ಕಿಯಲ್ಲಿದ್ದ ವಾಟರ್ ಪಂಪು

ನಂಜನಗೂಡಿನ ನಮ್ಮ ಮನೆಯಲ್ಲಿ ಹಳೆಯ ದಿನಪತ್ರಿಕೆಗಳ ಕಟ್ಟಿನ ಮೇಲೆ ಒಂದು ಸತ್ತ ವಾಟರ್ ಪಂಪು ಕುಳಿತಿದೆ. ಹೊಲಕ್ಕೆ ನೀರೆತ್ತುವ ಪಂಪಲ್ಲ, ಕಾರಿನದು. ಒಂದು ದೊಡ್ಡ ರಾಗಿಮುದ್ದೆಯಷ್ಟಿದೆ. ಎಂಜಿನ್ನು ಕಾಯದ ಹಾಗೆ ಅದರ ಸುತ್ತ ನೀರು ಓಡಿಸುತ್ತಿರುವುದು ಅದರ ಕೆಲಸವಾಗಿತ್ತು. ಈಗ ಫ್ಯಾನ್ ಗಾಳಿಗೆ ಪೇಪರು ಹಾರದಂತೆ ನೋಡಿಕೊಳ್ಳುತ್ತದೆ. ನಿವೃತ್ತರಾದವರಿಗೆ ನಮ್ಮ ಮನೆಯಲ್ಲಿ ಹೀಗೆ ಏನಾದರೊಂದು ಸಣ್ಣ ಕೆಲಸ ಕೊಟ್ಟೇ ಕೊಡುತ್ತೇವೆ.

ನಿಮಗೂ ಗೊತ್ತಿರುತ್ತದೆ, ನಮ್ಮ ಕಡೆ ಮೆಕ್ಯಾನಿಕ್ಕುಗಳು ಹೊಸ ಸಾಮಾನು ಹಾಕಿದ ಮೇಲೆ ಹಳೆಯದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನಮ್ಮ ಕೈಗೇ ಕೊಡುತ್ತಾರೆ. ‘ನೋಡ್ಕಳಿ ಸಾ, ಬದಲಾಯ್ಸಿವ್ನಿ, ಸುಳ್ಳೇಳಿಲ್ಲ’ ಎಂಬುದಕ್ಕೆ ಸಾಕ್ಷಿ. ಮೆಕ್ಯಾನಿಕ್ಕು ಸುಳ್ಳು ಹೇಳಿಲ್ಲ ಎನ್ನುವುದಕ್ಕೆ ಸಾಕ್ಷಿ ನಮ್ಮ ಮನೆಯಲ್ಲಿದೆ. ಅದನ್ನು ದಿನಾ ನೋಡುವವನು ಸುಳ್ಳು ಹೇಳಿದ್ದ ಎಂಬುದಕ್ಕೂ ಅದೇ ಸಾಕ್ಷಿ. ಆ ವಿಷಯವನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ. ಹೇಳುವ ಮುಂಚೆ ನಮ್ಮ ವಂಶದ ಎರಡು ಪಂಥಗಳ ಬಗ್ಗೆ ಸ್ವಲ್ಪ ತಿಳಿಸಬೇಕು.

ಒಂದು ಪಂಥ ನಮ್ಮಪ್ಪನದು. ಯಾವ ವಸ್ತುವೇ ಆಗಲಿ, ಅದು ತಾನಾಗಿ ಪ್ರಾಣ ಬಿಡುವವರೆಗೂ ಮುಟ್ಟಬಾರದು. ಬಿಟ್ಟ ಮೇಲೂ ಒಂದೆರಡು ವರ್ಷ ತಂತಿ ಕಟ್ಟಿ ನೋಡಬೇಕು. ನಮ್ಮಪ್ಪನ ಸೈಕಲ್ಲಿಗೆ ಬ್ರೇಕು ಎಂದರೆ ನಮ್ಮಪ್ಪನ ಎಡಗಾಲು. ಕನ್ನಡಕದ ಒಂದು ಕಡ್ಡಿ ಮುರಿದು, ಅದರ ಜಾಗದಲ್ಲಿ ಅಮ್ಮ ಹೂ ಕಟ್ಟುವ ದಾರ ಕಟ್ಟಿಕೊಂಡು ಮೂರು ಚುನಾವಣೆಗಳಿಗೆ ವೋಟು ಹಾಕಿ ಬಂದರು. ನಾನು ಹೊಸ ಚಪ್ಪಲಿ ಕೇಳಿದಾಗಲೆಲ್ಲ ಹಳೆಯದನ್ನು ಕೈಗೆತ್ತಿಕೊಂಡು, ನಾಡಿ ಹಿಡಿದು ನೋಡುವ ವೈದ್ಯರಂತೆ ತಿರುಗಿಸಿ, “ಇನ್ನೂ ಉಸ್ರಾಡ್ತಾ ಅದೆ ಕಣ್ಲಾ. ಜೀವ ಇರೋದ್ನ ಯಾಕ್ ಮಣ್ ಮಾಡ್ತೀಯ?” ಎನ್ನುತ್ತಿದ್ದರು.

ಇನ್ನೊಂದು ಪಂಥ ಚಿಕ್ಕಪ್ಪನದು. ಅಪ್ಪನ ಒಡಹುಟ್ಟಿದ ತಮ್ಮ, ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯವರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಮೂವತ್ತು ವರ್ಷ ದುಡಿದವರು. ಡಿಪೋದಲ್ಲಿ ಒಂದು ಕ್ರಮವಂತೆ: ಬಸ್ಸು ಇಷ್ಟು ಕಿಲೋಮೀಟರ್ ಓಡಿತು ಎಂದರೆ ಬೆಲ್ಟು ಚೆನ್ನಾಗಿದ್ದರೂ ಕಿತ್ತು ಹೊಸದು ಹಾಕಬೇಕು. ಕೆಡಲಿ ಎಂದು ಕಾಯುವ ಹಾಗಿಲ್ಲ, ಯಾಕೆಂದರೆ ಕೆಟ್ಟಾಗ ಅದರೊಳಗೆ ಐವತ್ತು ಜನ ಕೂತಿರುತ್ತಾರೆ. ಚಿಕ್ಕಪ್ಪ ಈ ಕ್ರಮವನ್ನು ಸಂಜೆ ಟಿಫನ್ ಕ್ಯಾರಿಯರಿನ ಜೊತೆ ಮನೆಗೂ ತಂದರು. ಯುಗಾದಿಗೆ ಎಲ್ಲರ ಮನೆಯಲ್ಲಿ ಹೊಸ ಬಟ್ಟೆಯಾದರೆ ಅವರ ಮನೆಯಲ್ಲಿ ಕುಕ್ಕರಿಗೆ ಹೊಸ ರಬ್ಬರು. ಬೇಸಿಗೆ ರಜೆಗೆ ನಾನು ಹೋದಾಗಲೆಲ್ಲ ಬಾವಿಯ ಹಗ್ಗ ಹೊಸದಾಗಿರುತ್ತಿತ್ತು. ಹಳೆಯದರ ಒಂದು ಎಳೆಯೂ ಬಿಚ್ಚಿಕೊಂಡಿರುತ್ತಿರಲಿಲ್ಲ. ಅರ್ಧ ಊರು ಚಿಕ್ಕಪ್ಪ ‘ಹಳೆಯದು’ ಎಂದು ಕೊಟ್ಟ ಹಗ್ಗದಲ್ಲೇ ದನ ಕಟ್ಟುತ್ತಿತ್ತು. ಟಾರ್ಚಿನ ಸೆಲ್ಲು, ಸ್ಟವ್ವಿನ ಬತ್ತಿ, ಹಲ್ಲುಜ್ಜುವ ಬ್ರಷ್ಷು ಎಲ್ಲಕ್ಕೂ ಅವಧಿ ಇತ್ತು. ಚಿಕ್ಕಮ್ಮ ಮಾತ್ರ, “ಈ ಮನೇಲಿ ನನ್ನೊಬ್ಳನ್ನ ಬುಟ್ಟವ್ರೆ ಕಣಪ್ಪ. ಪಾರ್ಟು ಸಿಕ್ಲಿಲ್ವೇನೊ” ಎನ್ನುತ್ತಿದ್ದರು.

ನನ್ನ ವಿಷಯ ಹೇಳುವುದಾದರೆ, ನಾನು ಯಾವ ಪಂಥಕ್ಕೂ ಸೇರದೆ ಎರಡನ್ನೂ ಅಣಕಿಸಿ ಬದುಕಿದವನು. ಪರರ ದನಿ ನನಗೆ ನೆಗಡಿ ಹತ್ತಿದ ಹಾಗೆ ಹತ್ತಿಬಿಡುತ್ತದೆ. ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ ಕೆಮ್ಮನ್ನು ಬಾಗಿಲಾಚೆ ನಿಂತು ಕೆಮ್ಮಿ ಇಡೀ ಸ್ಟಾಫ್ ರೂಮನ್ನು ಎಬ್ಬಿಸಿ ನಿಲ್ಲಿಸಿದ್ದೇನೆ. ಮದುವೆ, ನಾಮಕರಣ, ಬೀಗರೂಟ ಎಲ್ಲೇ ಹೋಗಲಿ, ಎಲೆ ಎತ್ತಿದ ಮೇಲೆ “ಮಾದೇವ, ಒಂದೆರಡು ಮಾಡ್ಲಾ” ಎಂಬ ಬೇಡಿಕೆ ಬರುತ್ತಿತ್ತು. ಬರದಿದ್ದರೆ ನಾನೇ ಬರುವ ಹಾಗೆ ಮಾಡುತ್ತಿದ್ದೆ. ನನ್ನ ದೊಡ್ಡ ಐಟಂ ಚಿಕ್ಕಪ್ಪ. ಕಿವಿಯ ಹಿಂದೆ ಕೈ ಇಟ್ಟು, ಕತ್ತು ಓರೆ ಮಾಡಿ, ಗಂಟಲನ್ನು ಎರಡು ಸಲ ಕೆರೆದು, “ಎಷ್ಟ್ ಕಿಲೋಮೀಟರ್ ಆಯ್ತು?” ಎಂದು ಮದುಮಗನನ್ನೋ ಪುರೋಹಿತರನ್ನೋ ಕೇಳಿದರೆ ಸಾಕು, ಹೆಂಗಸರು ಸೆರಗನ್ನು ಬಾಯಿಗಿಟ್ಟುಕೊಳ್ಳುತ್ತಿದ್ದರು. ಚಿಕ್ಕಪ್ಪನೂ ಅಲ್ಲೇ ಕೂತು ನಗುತ್ತಿದ್ದರು. ಅವರು ನಗುತ್ತಿದ್ದುದೇ ನನಗೆ ಲೈಸೆನ್ಸು.

ಕಣ್ಣಿಗೆ ಪೊರೆ ಬಂದು ಓಡಿಸುವುದು ಕಷ್ಟವಾದಾಗ ಚಿಕ್ಕಪ್ಪ ತಮ್ಮ ಹಳೆಯ ಕಾರನ್ನು ನನಗೆ ಕೊಟ್ಟರು. ಬಾನೆಟ್ಟಿನ ಒಳಮೈಮೇಲೆ ಬಿಳಿ ಪೇಂಟಿನಲ್ಲಿ ಪಂಚಾಂಗದ ಹಾಗೆ ಒಂದು ಪಟ್ಟಿ ಬರೆದಿದ್ದರು. ಬೆಲ್ಟು ಎಷ್ಟಕ್ಕೆ, ಹೋಸು ಎಷ್ಟಕ್ಕೆ, ವಾಟರ್ ಪಂಪು ಎಷ್ಟಕ್ಕೆ. ನಾನು ಸ್ನೇಹಿತರಿಗೆ ಬಾನೆಟ್ಟು ಎತ್ತಿ ತೋರಿಸಿ, ಇಲ್ಲಿ ನೋಡಿ, ನಮ್ಮ ಚಿಕ್ಕಪ್ಪನ ಶಾಸನ ಎನ್ನುತ್ತಿದ್ದೆ. ಇನ್ನೂ ನಾಚಿಕೆಯ ಮಾತೆಂದರೆ, ನನ್ನ ನೌಕರಿ ಏನು ಗೊತ್ತೆ? ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಕ್ಲರ್ಕು. ಯಾವ ಯಂತ್ರಕ್ಕೆ ಯಾವಾಗ ಯಾವ ಬೇರಿಂಗು ಎಂದು ನೋಡಿ, ಅದು ಕೆಡುವ ಮುಂಚೆಯೇ ಎತ್ತಿ ಕೊಡುವುದಕ್ಕೆ ನನಗೆ ಸಂಬಳ.

ವರ್ಷದ ಹಿಂದೆ ಕಾರಿನಿಂದ ಒಂದು ಸದ್ದು ಶುರುವಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮೊದಲು ಇಲಿಮರಿಯ ಹಾಗೆ ‘ಕಿಂಯ್ ಕಿಂಯ್’. ಬಿಸಿಯಾದ ಮೇಲೆ ಅಕ್ಕಿಯಲ್ಲಿ ಕಲ್ಲು ಕಡಿದ ಹಾಗೆ ‘ಕರ್ರ್’. ಆಮೇಲೆ ಒಂದು ಮೌನ, ಮತ್ತೆ ಕಿಂಯ್. ಬೇರೆ ಯಾರಾದರೂ ಆಗಿದ್ದರೆ ಗ್ಯಾರೇಜಿಗೆ ಹೋಗುತ್ತಿದ್ದರು. ನಾನು ಕನ್ನಡಿಯ ಮುಂದೆ ಹೋದೆ. ನಾಲ್ಕು ದಿನ ತಾಲೀಮು ಮಾಡಿ ಆ ಸದ್ದನ್ನು ಗಂಟಲಿಗಿಳಿಸಿಕೊಂಡೆ. ಕೆನ್ನೆ ಒಳಗೆಳೆದು ಕಿಂಯ್, ನಾಲಿಗೆ ಮಡಿಸಿ ಕರ್ರ್. ಮೌನದ ಜಾಗದಲ್ಲಿ ಕಣ್ಣು ತೇಲಿಸುವುದು ನನ್ನ ಸ್ವಂತ ಸೇರ್ಪಡೆ.

ಅದರ ಮೊದಲ ಪ್ರದರ್ಶನ ತಲಕಾಡಿನಲ್ಲಿ, ನೆಂಟರೊಬ್ಬರ ಮನೆಯ ಗೃಹಪ್ರವೇಶದಲ್ಲಿ. ಜನ ಬಿದ್ದು ಬಿದ್ದು ನಕ್ಕರು. ಒನ್ಸ್ ಮೋರ್ ಆಯಿತು. ಎರಡನೇ ಸಲ ಮಾಡುವಾಗ ನೋಡಿದರೆ ಚಿಕ್ಕಪ್ಪ ನಗುತ್ತಿರಲಿಲ್ಲ. ಕಿವಿಯ ಹಿಂದೆ ಕೈ ಇಟ್ಟು, ಕತ್ತು ಓರೆ ಮಾಡಿ, ನಾನು ಅವರನ್ನು ಮಾಡುವಾಗ ಇರುವ ಹಾಗೆಯೇ ಕೂತಿದ್ದರು. ಕೈ ತೊಳೆಯುವ ಕಡೆ ನನ್ನನ್ನು ಹಿಡಿದರು.

“ಲೇ ಮಾದೇವ, ಅದು ವಾಟರ್ ಪಂಪಿಂದು ಕಣ್ಲಾ. ಬೇರಿಂಗ್ ತಿಂದಾಕದೆ.”

“ನನ್ ಗಂಟ್ಲಿಂದು ಚಿಕ್ಕಪ್ಪ ಅದು. ಏನೂ ತಿಂದಾಕಿಲ್ಲ, ಎರಡು ಒಬ್ಬಟ್ಟು ಬಿಟ್ರೆ.”

“ತಮಾಸೆ ಸಾಕು. ಆ ಮಧ್ಯದಲ್ಲಿ ಸುಮ್ಕಾಯ್ತದಲ್ಲ, ಅದೇ ಕೆಟ್ಟುದ್ದು. ನಾಳೆನೇ ಆಕ್ಸು.”

ಆ ವಾರ ಅವರು ಹೊಸ ಪಂಪನ್ನು ತಾವೇ ಕೊಂಡು, ಬಸ್ಸಿನಲ್ಲಿ ನಂಜನಗೂಡಿಗೆ ಬಂದು, ನನ್ನ ಕಾರಿನ ಡಿಕ್ಕಿಯಲ್ಲಿ ಇಟ್ಟು ಹೋದರು. ಡಬ್ಬದ ಮೇಲೆ ನಡುಗುವ ದೊಡ್ಡ ಅಕ್ಷರದಲ್ಲಿ ‘ಮಾದೇವ, ತಡ ಮಾಡಬೇಡ’ ಎಂದು ಬರೆದಿತ್ತು. ಹುಲ್ಲಹಳ್ಳಿ ರಸ್ತೆಯಲ್ಲಿ ನನಗೊಬ್ಬ ಮೆಕ್ಯಾನಿಕ್ ಇದ್ದಾನೆ, ಬಸವರಾಜು. ಅವನು ಒಮ್ಮೆ, “ಓಡ್ತಾ ಇರೋದ್ನ ಬಿಚ್ಬಾರ್ದು ಸಾ, ಅದುಕ್ ಬೇಜಾರಾಯ್ತದೆ” ಎಂದಿದ್ದ. ಅವನು ಹೇಳಿದ್ದು ಗೇರ್‌ಬಾಕ್ಸಿನ ವಿಷಯಕ್ಕೆ. ನಾನು ಆ ಮಾತನ್ನು ಎತ್ತಿ ಪಂಪಿಗೆ ಅಂಟಿಸಿಕೊಂಡು ಐದು ತಿಂಗಳು ಓಡಿಸಿದೆ. ನಿಜ ಹೇಳಬೇಕೆಂದರೆ ಬಸವರಾಜುವಿನ ತತ್ವವೂ ಅಲ್ಲ, ಅಪ್ಪನ ಪಂಥವೂ ಅಲ್ಲ. ಪಂಪು ಬದಲಾಯಿಸಿದರೆ ಸದ್ದು ಹೋಗುತ್ತದೆ. ಸದ್ದು ಹೋದರೆ ನನ್ನ ಐಟಮ್ಮೂ ಹೋಗುತ್ತದೆ, ಡಿಸೆಂಬರಿನಲ್ಲಿ ಎರಡು ಮದುವೆಗಳಿದ್ದವು.

ಇಲ್ಲಿಯವರೆಗೆ ನಕ್ಕಿದ್ದರೆ ನಕ್ಕಿರಿ. ಇನ್ನು ಮುಂದಿನದನ್ನು ನಾನು ಯಾವ ಬೀಗರೂಟದಲ್ಲೂ ಮಾಡಿ ತೋರಿಸಿಲ್ಲ.

ಚಿಕ್ಕಪ್ಪನ ಒಬ್ಬಳೇ ಮಗಳು ಸವಿತಕ್ಕ, ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ತಿ. ನರಸೀಪುರದಲ್ಲಿ ಭಾವನದು ಔಷಧಿ ಅಂಗಡಿ. ಆರು ವರ್ಷ ಪರೀಕ್ಷೆ ಮೇಲೆ ಪರೀಕ್ಷೆ ಬರೆದು ಅವಳಿಗೆ ಸರ್ಕಾರಿ ಶಾಲೆಯ ಟೀಚರ್ ಕೆಲಸ ಸಿಕ್ಕಿತು. ಯಾವ ಊರಿನ ಶಾಲೆ ಎಂಬುದು ಕೌನ್ಸೆಲಿಂಗಿನಲ್ಲಿ ತೀರ್ಮಾನ. ಮೈಸೂರಿನಲ್ಲಿ ಎಲ್ಲರನ್ನೂ ಕೂರಿಸಿ, ಅಂಕದ ಪ್ರಕಾರ ಒಬ್ಬೊಬ್ಬರ ನಂಬರು ಕೂಗುತ್ತಾರೆ. ನಂಬರು ಕೂಗಿದಾಗ ಎದ್ದು ಹೋಗಿ ಖಾಲಿ ಇರುವ ಶಾಲೆಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಕೂಗಿದಾಗ ಇಲ್ಲದಿದ್ದರೆ ಕೊನೆಗೆ, ಎಲ್ಲರೂ ಆರಿಸಿ ಬಿಟ್ಟಿದ್ದರಲ್ಲಿ ಒಂದು. ಸವಿತಕ್ಕನ ನಂಬರು ನಲವತ್ತೊಂದು. ಹೆಮ್ಮಿಗೆಯಿಂದ ಮೂರು ಕಿಲೋಮೀಟರಿನ ಒಂದು ಶಾಲೆಯಲ್ಲಿ ಜಾಗ ಖಾಲಿ ಇತ್ತು. ಎರಡೂವರೆ ವರ್ಷದ ಮಗಳು ಚಿನ್ನಿಯನ್ನು ಬೆಳಿಗ್ಗೆ ತವರಿನಲ್ಲಿ ಬಿಟ್ಟು, ಪಾಠ ಮಾಡಿ, ಸಂಜೆ ಕರೆದುಕೊಂಡು ಮನೆಗೆ ಹೋಗುವುದೆಂದು ಅವಳ ಲೆಕ್ಕ. ಊರ ಹತ್ತಿರದ ಶಾಲೆಯ ಆಸೆಯಲ್ಲೇ ಆರು ವರ್ಷ ಓದಿದ್ದಳು.

ಚಿಕ್ಕಪ್ಪ ಆರೂವರೆಯ ಬಸ್ಸಿಗೆ ಹೋಗುವುದೆಂದು ನಿಗದಿ ಮಾಡಿದ್ದರು. ಹತ್ತು ಗಂಟೆಗೆ ಶುರುವಾಗುವುದಕ್ಕೆ ಆರೂವರೆಯ ಬಸ್ಸು. ಹಿಂದಿನ ದಿನ ಸಂಜೆ ಹೆಮ್ಮಿಗೆಗೆ ಹೋದ ನಾನು ಊಟದ ಎಲೆಯ ಮುಂದೆ ಕೂತು, ಬಸ್ಸು ಯಾಕೆ, ಕಾರಿದೆ, ಎಂಟೂವರೆಗೆ ಹೊರಟರೂ ಸಾಕು, ಟೀಚರಮ್ಮ ಕಾರಲ್ಲಿ ಇಳಿಯಲಿ ಎಂದೆಲ್ಲ ಬಡಾಯಿ ಕೊಚ್ಚಿದೆ. ಚಿಕ್ಕಪ್ಪ ಮುದ್ದೆ ಮುರಿಯುತ್ತ ಕೇಳಿದರು.

“ಪಂಪ್ ಆಕ್ಸಿದ್ಯೇನ್ಲಾ?”

ನಾನು ನೀರು ಕುಡಿದೆ. ಆಮೇಲೆ ಕಿವಿಯ ಹಿಂದೆ ಕೈ ಇಟ್ಟು, ಗಂಟಲನ್ನು ಎರಡು ಸಲ ಕೆರೆದು, ಅವರದೇ ದನಿಯಲ್ಲಿ, “ಆಕ್ಸಾಯ್ತು ಕಣ್ಲಾ. ಕೆಟ್ಟೋಗಗಂಟ ಕಾಯೋಕೆ ನಾವೇನ್ ನಮ್ಮಣ್ಣನ್ ಪಾರ್ಟಿಯಾ?” ಎಂದೆ.

ಚಿಕ್ಕಮ್ಮನಿಗೆ ಸಾರು ನೆತ್ತಿಗೇರುವಷ್ಟು ನಗು ಬಂತು. ಸವಿತಕ್ಕ ಚಿನ್ನಿಗೆ ತುತ್ತು ಕೊಡುತ್ತಿದ್ದವಳು, “ಥೂ, ನಿನ್ ಬಾಯಿಗಿಷ್ಟು” ಎಂದು ನಕ್ಕಳು. ಚಿಕ್ಕಪ್ಪನೂ ನಕ್ಕರು. ಆ ನಗುವಿನೊಳಗೆ ಬಸ್ಸು ರದ್ದಾಯಿತು.

ಬೆಳಿಗ್ಗೆ ಚಿನ್ನಿಯನ್ನು ಚಿಕ್ಕಮ್ಮನ ಹತ್ತಿರ ಬಿಟ್ಟು, ಎಂಟೂವರೆಗೆಂದು ಹೇಳಿ ಒಂಬತ್ತಕ್ಕೆ ನಾವು ಮೂವರು ಹೊರಟೆವು. ಆ ಅರ್ಧ ಗಂಟೆಯೂ ನನ್ನದೇ, ಎರಡನೇ ಸಲ ಇಡ್ಲಿ ಹಾಕಿಸಿಕೊಂಡಿದ್ದೆ. ಅವತ್ತು ಸ್ಟಾರ್ಟ್ ಮಾಡಿದಾಗ ಕಾರು ಕಿಂಯ್ ಎನ್ನಲೇ ಇಲ್ಲ. ನರಸೀಪುರ ದಾಟಿ ಗರ್ಗೇಶ್ವರಿ ಕಳೆಯುತ್ತಿದ್ದಂತೆ ಬಿಸಿ ತೋರಿಸುವ ಮುಳ್ಳು ನಿಧಾನವಾಗಿ ಎದ್ದು ಕೂತಿತು. ಕಿಂಯ್ ಎಂದಿತು, ಕರ್ರ್ ಎಂದಿತು. ಆಮೇಲೆ ಆ ಮೌನ. ಹಿಂದಿನ ಸೀಟಿನಲ್ಲಿದ್ದ ಚಿಕ್ಕಪ್ಪನ ಮುಖವನ್ನು ನಾನು ಕನ್ನಡಿಯಲ್ಲಿ ನೋಡಲಿಲ್ಲ. ಬಾನೆಟ್ಟಿನ ಸಂದಿಯಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ ಬಂತು.

ನಿಲ್ಲಿಸಿದೆ. ಚಿಕ್ಕಪ್ಪ ಇಳಿದು, “ನೀರಿನ ಕ್ಯಾನ್ ಇಕ್ಕಂಡಿದ್ದೀಯಾ?” ಎಂದು ಕೇಳುತ್ತಲೇ ಹಿಂದೆ ಹೋಗಿ ಡಿಕ್ಕಿ ತೆಗೆದರು. ಆಗ ನನಗೆ ನೆನಪಾಯಿತು. ಓಡಿದೆ. ಅಷ್ಟರಲ್ಲಿ ಡಬ್ಬ ಅವರ ಕೈಯಲ್ಲಿತ್ತು. ಅಂಟಿಸಿದ ಟೇಪು ಅಂಟಿಸಿದ ಹಾಗೇ ಇತ್ತು. ಪೊರೆ ಬಂದ ಕಣ್ಣಿನ ಹತ್ತಿರಕ್ಕೆ ಹಿಡಿದು ತಮ್ಮದೇ ಅಕ್ಷರವನ್ನು ನೋಡಿದರು. ಬೆರಳಿನಿಂದ ಟೇಪನ್ನು ಸವರಿದರು. ಮತ್ತೆ ಅದನ್ನು ಇದ್ದ ಜಾಗದಲ್ಲೇ ಇಟ್ಟು ಕ್ಯಾನು ಎತ್ತಿಕೊಂಡರು.

“ನೀರು ಇಷ್ಟೇ ಅದೆ” ಎಂದರು.

ಅಷ್ಟೇ. ಬೈದಿದ್ದರೆ ನಾನು ಅದನ್ನು ಯಾವತ್ತಾದರೂ ಐಟಂ ಮಾಡಿಕೊಳ್ಳಬಹುದಿತ್ತು.

ಎಂಜಿನ್ನು ಆರಲಿ ಎಂದು ಕಾಯುವಾಗ ಮೈಸೂರಿನ ಬಸ್ಸೊಂದು ಬಂತು. ಸವಿತಕ್ಕ ಕೈ ಒಡ್ಡಿದಳು. ನಮ್ಮ ಪುಣ್ಯಕ್ಕೆ ಅದು ನಿಂತಿತು. ಅವಳು ಫೈಲು ಎದೆಗವುಚಿಕೊಂಡು ಎರಡು ಹೆಜ್ಜೆ ಇಟ್ಟಾಗಿತ್ತು. ಅದೇ ಹೊತ್ತಿಗೆ ನಾನು ಕೀಲಿ ತಿರುಗಿಸಿದೆ, ಕಾರು ಸ್ಟಾರ್ಟಾಯಿತು. “ಬಾ ಅಕ್ಕ, ಆಯ್ತು, ಬಸ್ಸಲ್ಯಾಕ್ ನಿಂತ್ಕಂಡು ಓಯ್ತೀಯಾ” ಎಂದು ಕೂಗಿದೆ. ಅವಳು ಅಪ್ಪನ ಮುಖ ನೋಡಿದಳು. ಅವರು ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರು ಸೀಟಿ ಊದಿದ. ಬಸ್ಸು ಹೋಯಿತು. ಅದನ್ನು ನಿಲ್ಲಿಸಿದವಳು ಅವಳು, ಕಳಿಸಿದವನು ನಾನು.

ಎರಡು ಕಿಲೋಮೀಟರಿಗೆ ಪಂಪು ಪೂರ್ತಿ ಹಿಡಿದುಕೊಂಡು, ಬೆಲ್ಟು ಹರಿದು, ಕಾರು ಕಬ್ಬಿನ ಗದ್ದೆಯ ಪಕ್ಕ ನಿಂತಿತು. ಆಮೇಲೆ ಬಂದ ಬಸ್ಸು ಬಾಗಿಲವರೆಗೆ ಜನ ತುಂಬಿಕೊಂಡು ನಿಲ್ಲಿಸದೆ ಹೋಯಿತು. ಅದರ ಹಿಂದಿನದೂ ಹೋಯಿತು. ಭಾವನಿಗೆ ಫೋನು ಮಾಡಿದರೆ ಅಂಗಡಿಯ ಗಲಾಟೆಯಲ್ಲಿ ಎತ್ತಲಿಲ್ಲ. ಹತ್ತು ಗಂಟೆ ದಾಟಿದ ಎಷ್ಟೋ ಹೊತ್ತಿಗೆ ಬಾಳೆಗೊನೆ ತುಂಬಿದ ಲಗೇಜ್ ಆಟೊ ಒಂದು ನಿಂತಿತು. “ಒಬ್ರುಗ್ ಮಾತ್ರ ಜಾಗ ಅದೆ” ಎಂದ ಡ್ರೈವರು. ಸವಿತಕ್ಕ ಹೊಸ ಸೀರೆಯನ್ನು ಒತ್ತಿ ಹಿಡಿದುಕೊಂಡು ಅವನ ಪಕ್ಕ ತುದಿಯಲ್ಲಿ ಕೂತಳು. ಅಂಥ ಹೊತ್ತಿನಲ್ಲೂ ನನ್ನ ಮುಖ ನೋಡಿ, “ಯಾಕ್ಲಾ ಇಂಗಾಗಿದ್ದೀಯ, ಸಿಗ್ತದೆ ಬುಡು” ಎಂದಳು.

ಸಿಗಲಿಲ್ಲ. ಅವಳು ಮುಟ್ಟಿದಾಗ ಅರವತ್ತರ ಮೇಲೆ ನಂಬರು ಕೂಗುತ್ತಿದ್ದರಂತೆ. ಸಂಜೆ ಕೊನೆಗೆ ಉಳಿದಿದ್ದರಲ್ಲಿ ಅವಳಿಗೆ ಬಂದದ್ದು ಎಚ್.ಡಿ. ಕೋಟೆಯ ಆಚೆ, ಕಾಡಂಚಿನ ಒಂದು ಊರು. ಎರಡು ಬಸ್ಸು, ಆಮೇಲೆ ನಡಿಗೆ. ದಿನಾ ಹೋಗಿ ಬರುವ ದಾರಿಯಲ್ಲ.

ಆಟೊ ಹೋದ ಮೇಲೆ ರಸ್ತೆಬದಿಯ ಹುಣಸೆ ಮರದಡಿ ನಾನು, ಚಿಕ್ಕಪ್ಪ ಇಬ್ಬರೇ ಕೂತಿದ್ದೆವು. ಬಸವರಾಜು ನಂಜನಗೂಡಿನಿಂದ ಬರಬೇಕಿತ್ತು. ಚಿಕ್ಕಪ್ಪನೇ ಮೊದಲು ಮಾತಾಡಿದರು.

“ನೆನ್ನೆ ರಾತ್ರಿ ನೀನು ನನ್ ಗಂಟ್ಲಲ್ಲಿ ಆಕ್ಸಾಯ್ತು ಅಂದ್ಯಲ್ಲ. ನಾನೇ ನಿಂತಿದ್ದು ಆಕ್ಸಿ ಬಂದಂಗೆ ಅನ್ನಿಸ್ಬುಡ್ತು ಕಣಪ್ಪ. ಅದ್ಕೇ ಇನ್ನೊಂದ್ ಸರ್ತಿ ಕೇಳ್ನಿಲ್ಲ. ನಿನ್ ಗಂಟ್ಲಲ್ಲಿ ಅಂದಿದ್ರೆ ಕೇಳ್ತಿದ್ದೆ.”

ಬಸವರಾಜು ಬಂದು, ಡಿಕ್ಕಿಯಲ್ಲಿದ್ದ ಪಂಪನ್ನು ತೆಗೆದು, ಅಲ್ಲೇ ರಸ್ತೆಬದಿಯಲ್ಲಿ ಒಂದು ಗೋಣಿಚೀಲ ಹಾಸಿಕೊಂಡು, ತಾನು ತಂದ ಹೊಸ ಬೆಲ್ಟಿನ ಜೊತೆ ಹಾಕಿದ. ಮುಕ್ಕಾಲು ಗಂಟೆಯ ಕೆಲಸ. “ಸಾಮಾನ್ ಜೊತೇಲೇ ಇತ್ತಲ್ಲ ಸಾ, ಒಳ್ಳೇದಾಯ್ತು” ಎಂದ ಪಾಪ, ಮೆಚ್ಚುಗೆಯಿಂದಲೇ. ಹಳೆಯದನ್ನು ಕವರಿನಲ್ಲಿ ಸುತ್ತಿ ಕೊಟ್ಟ.

ನಾನು ಕಾಯುತ್ತಿದ್ದೆ. ಚಿಕ್ಕಪ್ಪ ಮನೆಗೆ ಹೋಗಿ ಡಬ್ಬದ ವಿಷಯ ಹೇಳುತ್ತಾರೆ, ಚಿಕ್ಕಮ್ಮ ಶಾಪ ಹಾಕುತ್ತಾರೆ, ಭಾವ ಕೊರಳಪಟ್ಟಿ ಹಿಡಿಯುತ್ತಾನೆ, ಅಲ್ಲಿಗೆ ಮುಗಿಯುತ್ತದೆ ಎಂದು. ಯಾರು ಕೇಳಿದರೂ ಚಿಕ್ಕಪ್ಪನ ಉತ್ತರ ಒಂದೇ. “ಹೊಸ ಪಂಪೂ ಕೆಲವು ಸಲ ಕೈಕೊಡ್ತವೆ. ಮಿಷಿನ್ನಲ್ವಾ, ಏನ್ ಮಾಡಕಾಯ್ತದೆ.” ಯಾವ ವಸ್ತುವೂ ಹೇಳದೆ ಕೇಳದೆ ಕೆಡುವುದಿಲ್ಲ ಎಂದು ಬದುಕಿಡೀ ವಾದಿಸಿದ ಮನುಷ್ಯ. ನನಗೋಸ್ಕರ ತಮ್ಮ ಪಂಥವನ್ನೇ ಬಿಟ್ಟುಕೊಟ್ಟರು. ಸವಿತಕ್ಕ ಇವತ್ತಿಗೂ ಅದನ್ನೇ ನಂಬಿದ್ದಾಳೆ. “ನಿನ್ ತಪ್ಪೇನದೆ ಮಾದು, ಇರೋ ಕೆಲ್ಸ ಬುಟ್ ಬಂದು ಕರ್ಕೊಂಡೋದೆ” ಎನ್ನುತ್ತಾಳೆ. ಅವಳು ಇದನ್ನು ಓದಿದರೆ ಓದಲಿ. ಎದುರಿಗೆ ಕೂತು ಹೇಳಬೇಕಾದ್ದನ್ನು ಹೀಗೆ ಅಚ್ಚಿನ ಹಿಂದೆ ಅವಿತು ಹೇಳುವುದೂ ಒಂದು ಹೇಡಿತನ ಎಂದು ಗೊತ್ತು.

ಈಗ ಅವಳು ಅಲ್ಲಿಯೇ ಒಂದು ರೂಮು ಮಾಡಿಕೊಂಡಿದ್ದಾಳೆ. ಶನಿವಾರ ಕತ್ತಲಾಗುವ ಹೊತ್ತಿಗೆ ಬರುತ್ತಾಳೆ, ಭಾನುವಾರ ಮಧ್ಯಾಹ್ನ ಹೊರಡುತ್ತಾಳೆ. ಚಿನ್ನಿ ಹೆಮ್ಮಿಗೆಯಲ್ಲಿ ಅಜ್ಜಿ ತಾತನ ಹತ್ತಿರ. ಮೂರು ತುಂಬಿತು. ಅಮ್ಮ ಹೊರಡುವಾಗ ಮೊದಮೊದಲು ಅಳುತ್ತಿದ್ದಳಂತೆ. ಈಗ ಅಳುವುದಿಲ್ಲ, ಬಸ್ಸಿಗೆ ಟಾಟಾ ಮಾಡುತ್ತಾಳೆ ಎಂದು ಚಿಕ್ಕಮ್ಮ ಸಮಾಧಾನದಿಂದ ಹೇಳುತ್ತಾರೆ. ನನಗೆ ಅಳುತ್ತಿದ್ದುದೇ ವಾಸಿ ಎನಿಸುತ್ತದೆ.

ಕಾರ್ಖಾನೆಯಲ್ಲಿ ನನ್ನ ವಾರದ ರಜೆ ಬುಧವಾರ. ಬಿಡುವಾದಾಗಲೆಲ್ಲ ಹೋಗುತ್ತೇನೆ. ಮದುವೆಮನೆಗಳಲ್ಲಿ ಐಟಂ ಮಾಡುವುದನ್ನು ಬಿಟ್ಟಿದ್ದೇನೆ, ಗಂಟಲು ಸರಿಯಿಲ್ಲ ಎನ್ನುತ್ತೇನೆ. ಚಿನ್ನಿಯ ಮುಂದೆ ಮಾತ್ರ ಆ ನೆಪ ನಡೆಯುವುದಿಲ್ಲ. ಹೋದ ಬುಧವಾರ ಜಗಲಿಯ ಮೇಲೆ ನನ್ನ ತೊಡೆಯಲ್ಲಿ ಕೂತು ಒಂದೊಂದೇ ಕೇಳಿದಳು. ಕಾಗೆ ಮಾಡು, ಮಾಡಿದೆ. ಎಮ್ಮೆ ಮಾಡು, ಮಾಡಿದೆ. ತಾತ ಗೊರಕೆ ಹೊಡೆಯೋದು ಮಾಡು, ಅದನ್ನೂ ಮಾಡಿದೆ. ಕೈ ತಟ್ಟಿ ನಕ್ಕಳು. ಸ್ವಲ್ಪ ಯೋಚಿಸಿ, “ಅಮ್ಮನ್ ಮಾಡು ಮಾವ” ಎಂದಳು.

ಇಡೀ ಬಳಗದಲ್ಲಿ ಸವಿತಕ್ಕನ ದನಿಯೊಂದನ್ನು ನಾನು ಎಂದೂ ಮಾಡಿರಲಿಲ್ಲ. ಬರುವುದಿಲ್ಲ ಎಂದೆ. ಮಾಡು ಎಂದು ನನ್ನ ಗಲ್ಲ ಹಿಡಿದು ಅಲ್ಲಾಡಿಸಿದಳು. ಬೇಕೆಂದು ಮಾಡಿದೆನೋ, ಅದೇ ಬಂದುಬಿಟ್ಟಿತೋ ಹೇಳಲಾರೆ. “ಚಿನ್ನೀ, ಎಲ್ಲಿದ್ದೀಯವ್ವ? ಬಾ ಇಲ್ಲಿ” ಎಂದೆ. ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಬದುಕಿನಲ್ಲೇ ಅಷ್ಟು ಸರಿಯಾಗಿ ಇನ್ನೊಂದು ದನಿ ಬಂದದ್ದಿಲ್ಲ.

ಅವಳು ನಗಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ತೊಡೆಯಿಂದ ಜಾರಿ ಇಳಿದು, ಬರಿಗಾಲಿನಲ್ಲಿ ಬೀದಿಯ ಅಂಚಿನವರೆಗೆ ಓಡಿ, ಬಸ್ಸು ಬರುವ ಕಡೆ ಒಮ್ಮೆ, ಹೋಗುವ ಕಡೆ ಒಮ್ಮೆ ನೋಡಿದಳು. ಮತ್ತೆ ಬರುವ ಕಡೆಗೇ ತಿರುಗಿ ನಿಂತಳು.

“ಎಲ್ಲವ್ಳೆ ಮಾವ?” ಎಂದಳು.